ತೆನೆಗೆ ಎಷ್ಟು ಬೆರಳು?

ಹೂವೆಂದರೆ ನಮಗೆ ಮಲ್ಲಿಗೆ, ಸಂಪಿಗೆ, ಸೇವಂತಿಗೆ. ಮುಡಿಯಲು ಬರಬೇಕು, ಇಲ್ಲವೇ ದೇವರ ತಲೆಯ ಮೇಲೆ ಕೂರಬೇಕು. ಎರಡೂ ಆಗದಿದ್ದರೆ ಮೂಗಿಗಾದರೂ ಹಿತವಾಗಿರಬೇಕು. ಈ ಮೂರು ಪರೀಕ್ಷೆಗಳಲ್ಲೂ ನಪಾಸಾಗುವ ಹೂವೊಂದಿದೆ. ಅದು ಹುಲ್ಲಿನ ಹೂವು. ಗಣಪತಿಗೆ ಗರಿಕೆ ಏರಿಸುವ ನಾವು ಅದರ ಎಲೆಯನ್ನು ಏರಿಸುತ್ತೇವೆಯೇ ಹೊರತು ಹೂವನ್ನಲ್ಲ. ಗರಿಕೆಗೂ ಹೂವುಂಟೇ ಎಂದು ಕೇಳುವವರೇ ಹೆಚ್ಚು.

ಆದರೆ ಬೆಳಗಿನ ದೋಸೆಯ ಅಕ್ಕಿ, ಮಧ್ಯಾಹ್ನದ ಮುದ್ದೆಯ ರಾಗಿ, ರಾತ್ರಿಯ ಚಪಾತಿಯ ಗೋಧಿ ಇವೆಲ್ಲ ಹುಲ್ಲಿನ ಹೂವು ಕಾಳಾದದ್ದೇ. ನಡುನಡುವೆ ಕುಡಿಯುವ ಕಾಫಿಯ ಸಕ್ಕರೆಯೂ ಹುಲ್ಲಿನಿಂದಲೇ ಬಂದದ್ದು. ಕಬ್ಬನ್ನು ಮಾತ್ರ ಸೂಲಂಗಿ ಹೊರಡುವ ಮೊದಲೇ ಕಡಿದುಬಿಡುತ್ತೇವೆ, ಅಷ್ಟೆ. ಇಷ್ಟು ಸಾಲದೆಂದರೆ ಮನೆಯ ಮೂಲೆಯಲ್ಲಿ ನಿಂತಿರುವ ಮೆತ್ತನೆಯ ಪೊರಕೆಯನ್ನು ನೋಡಿ. ಅಸ್ಸಾಂ, ಮೇಘಾಲಯದ ಗುಡ್ಡಗಳಲ್ಲಿ ಬೆಳೆಯುವ ಎತ್ತರದ ಹುಲ್ಲೊಂದರ ಹೂಗೊಂಚಲು ಅದು. ಹಿಂದಿಯವರು ಅದನ್ನು ‘ಫೂಲ್ ಝಾಡು’, ಅಂದರೆ ಹೂವಿನ ಪೊರಕೆ ಎಂದೇ ಕರೆಯುತ್ತಾರೆ. ಹೊಸ ಪೊರಕೆ ತಂದ ದಿನ ಗುಡಿಸಿದಷ್ಟೂ ಉದುರುವ ಧೂಳಿದೆಯಲ್ಲ, ಅದು ಧೂಳಲ್ಲ, ಹೂವು.

ನಾನು ಮೂವತ್ತು ವರ್ಷ ಹುಡುಗರಿಗೆ ಸಸ್ಯಶಾಸ್ತ್ರ ಹೇಳಿದವನು. ಹುಲ್ಲಿನ ಅಧ್ಯಾಯ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಆಕಳಿಕೆ ಕೇಳಿಸುತ್ತಿತ್ತು. ದಾಸವಾಳವಾದರೆ ಕೈಯಲ್ಲಿ ಹಿಡಿದು ಎಸಳು ಬಿಡಿಸಿ ತೋರಿಸಬಹುದು. ಹುಲ್ಲಿನಲ್ಲಿ ಎಸಳೇ ಇಲ್ಲ. ಕೊನೆಗೆ ನಾನು ಕಂಡುಕೊಂಡ ಉಪಾಯವೆಂದರೆ ಒಬ್ಬೊಬ್ಬರ ಕೈಗೂ ಒಂದೊಂದು ಭತ್ತದ ಕಾಳು ಕೊಡುವುದು. ಉಗುರಿನಿಂದ ಬಿಡಿಸಿದರೆ ದೋಣಿಯಂಥ ಎರಡು ಹೋಳುಗಳು ಬಿಚ್ಚಿಕೊಳ್ಳುತ್ತವೆ. ಗಿರಣಿಯಲ್ಲಿ ಉಮಿ ಎಂದು ನಾವು ಎಸೆಯುವುದು ಇದನ್ನೇ. ಒಂದು ಕಾಲಕ್ಕೆ ಈ ಎರಡು ಹೋಳುಗಳ ನಡುವೆ ಹೂವು ಸಂಸಾರ ಹೂಡಿತ್ತು. ಆರು ಕೇಸರಗಳು, ನವಿಲುಗರಿಯಂಥ ಎರಡು ಶಲಾಕಾಗ್ರಗಳು, ಬುಡದಲ್ಲಿ ಸಾಸಿವೆಗಿಂತ ಸಣ್ಣ ಎರಡು ಮೆತ್ತೆಗಳು. ಹೂ ಅರಳುವ ಹೊತ್ತಿಗೆ ಈ ಮೆತ್ತೆಗಳು ನೀರು ಕುಡಿದು ಉಬ್ಬಿ, ಉಮಿಯ ಎರಡು ಹೋಳುಗಳನ್ನು ಆಚೀಚೆ ತಳ್ಳುತ್ತವೆ. ಬೇರೆ ಹೂಗಳಲ್ಲಿ ಎಸಳಾದದ್ದು ಹುಲ್ಲಿನಲ್ಲಿ ಈ ಮೆತ್ತೆಯಾಗಿ ಉಳಿದಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಇಲ್ಲಿ ಅರಳುವುದೆಂದರೆ ಎಸಳು ಬಿಚ್ಚುವುದಲ್ಲ, ಬಾಗಿಲು ತೆರೆಯುವುದು. ಗಾಳಿ ಪರಾಗವನ್ನು ಹೊತ್ತೊಯ್ಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಮುಚ್ಚುತ್ತದೆ. ದುಂಬಿಯನ್ನು ಕರೆಯಬೇಕಾಗಿಲ್ಲದ ಮೇಲೆ ಬಣ್ಣವೇಕೆ, ಜೇನೇಕೆ?

ಇಂಥ ಒಂದೋ ನಾಲ್ಕೋ ಹೂಗಳು ಸೇರಿ, ಹೊರಗೆ ಎರಡು ಹೊಟ್ಟಿನ ಹೊದಿಕೆ ಹೊದ್ದುಕೊಂಡರೆ ಅದು ಕಿರುತೆನೆ. ಜಗತ್ತಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜಾತಿಯ ಹುಲ್ಲುಗಳಿವೆ. ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಎಲ್ಲದರದ್ದೂ ಇದೇ ಇಟ್ಟಿಗೆ. ಆದರೆ ಒಂದೇ ಇಟ್ಟಿಗೆಯಿಂದ ಗುಡಿಯನ್ನೂ ಕಟ್ಟಬಹುದು, ಗುಡಿಸಲನ್ನೂ ಕಟ್ಟಬಹುದು. ಭತ್ತದ ಗೊನೆ ಕವಲೊಡೆದು, ಭಾರಕ್ಕೆ ಬಾಗಿ ನಿಲ್ಲುತ್ತದೆ. ಗೋಧಿಯ ತೆನೆಯಲ್ಲಿ ಕವಲೇ ಇಲ್ಲ, ಕಿರುತೆನೆಗಳು ನಡುಗಡ್ಡಿಗೇ ಅಂಟಿ ಕುಳಿತಿವೆ. ನವಣೆಯದು ನರಿಯ ಬಾಲ. ಆ ಬಾಲದ ತುಂಬ ಎದ್ದು ನಿಂತ ಬಿರುಗೂದಲುಗಳು ಕೂದಲಲ್ಲ, ಹೂಬಿಡದೆ ಬಂಜೆಯಾಗಿ ಉಳಿದ ಸಣ್ಣ ಕವಲುಗಳು. ಜೋಳದಲ್ಲಿ ಕಿರುತೆನೆಗಳು ಜೋಡಿ ಜೋಡಿಯಾಗಿ ಬರುತ್ತವೆ. ಅಂಟಿ ಕುಳಿತದ್ದು ಕಾಳು ಕಟ್ಟುತ್ತದೆ, ತೊಟ್ಟಿನ ಮೇಲೆ ನಿಂತದ್ದು ಸಾಮಾನ್ಯವಾಗಿ ಕಟ್ಟುವುದಿಲ್ಲ.

ಮುಸುಕಿನ ಜೋಳ ಇದೇ ಬಳಗದ ದೂರದ ನೆಂಟ. ಅದರಲ್ಲಿ ಗಂಡು ಹೂಗೊಂಚಲು ಗಿಡದ ತಲೆಯ ಮೇಲಿದ್ದರೆ ಹೆಣ್ಣು ಕಂಕುಳಲ್ಲಿ. ಮುಂದಿನ ಸಲ ರಸ್ತೆಬದಿಯಲ್ಲಿ ಸುಟ್ಟ ಜೋಳ ಕೊಂಡಾಗ ತಿನ್ನುವ ಮೊದಲು ಕಾಳಿನ ಸಾಲುಗಳನ್ನು ಎಣಿಸಿ ನೋಡಿ. ಹನ್ನೆರಡಿರಬಹುದು, ಹದಿನಾಲ್ಕು ಅಥವಾ ಹದಿನಾರಿರಬಹುದು. ಹದಿಮೂರೋ ಹದಿನೈದೋ ಸಿಗುವುದು ಅಪರೂಪದಲ್ಲಿ ಅಪರೂಪ. ಏಕೆಂದರೆ ಇಲ್ಲಿಯೂ ಕಿರುತೆನೆಗಳು ಹುಟ್ಟುವುದು ಜೋಡಿಯಾಗಿಯೇ, ಇಲ್ಲಿ ಜೋಡಿಯ ಎರಡೂ ಕಾಳು ಕಟ್ಟುತ್ತವೆ. ಎರಡರ ಮಗ್ಗಿ ಹೇಳುವವನಿಗೆ ಬೆಸಸಂಖ್ಯೆ ಎಲ್ಲಿಂದ ಬರಬೇಕು?

ಇಷ್ಟೊಂದು ಆಕಾರಗಳ ಹಿಂದಿರುವ ಗುಟ್ಟು ಬಹಳ ದೊಡ್ಡದಲ್ಲ. ಬೆಳೆಯುವ ತುದಿಯ ಮುಂದೆ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ: ಇನ್ನೊಂದು ಕವಲೋ, ಇಲ್ಲಿಗೆ ಸಾಕು ಹೂವೋ? ‘ಕವಲು’ ಎಂದು ತಡಮಾಡಿದಷ್ಟೂ ಗೊನೆ ಹರಡುತ್ತದೆ, ‘ಹೂವು’ ಎಂದು ಬೇಗ ಮುಗಿಸಿದರೆ ತೆನೆ ಅಡಕವಾಗುತ್ತದೆ. ಈ ತೀರ್ಮಾನವನ್ನು ನಡೆಸುವ ವಂಶವಾಹಿಗಳು ಒಂದೊಂದಾಗಿ ಸಿಕ್ಕಿವೆ. ಭತ್ತದಲ್ಲಿ ಚಿಗುರುವ ಹಾರ್ಮೋನನ್ನು ಒಡೆದುಹಾಕುವ ವಂಶವಾಹಿಯೊಂದು ದುರ್ಬಲವಾದರೆ ಗೊನೆಯಲ್ಲಿ ಕಾಳು ಹೆಚ್ಚುತ್ತದೆ ಎಂದು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಬಾರ್ಲಿಯಲ್ಲಿ ಗೆಣ್ಣಿಗೆ ಮೂರು ಕಿರುತೆನೆಗಳಿದ್ದರೂ ಕಾಡು ಬಾರ್ಲಿಯಲ್ಲಿ ನಡುವಿನದು ಮಾತ್ರ ಕಾಳು ಕಟ್ಟುತ್ತದೆ. ಅಕ್ಕಪಕ್ಕದವನ್ನು ಅದುಮಿ ಹಿಡಿದಿದ್ದ ವಂಶವಾಹಿ ಕೆಟ್ಟುಹೋದದ್ದರಿಂದಲೇ ಎರಡು ಸಾಲಿನ ಬಾರ್ಲಿ ಆರು ಸಾಲಿನದಾಯಿತು. ಅದು ಗೊತ್ತಾದದ್ದು 2007ರಲ್ಲಿ. ಕೆಡುವುದೂ ಒಮ್ಮೊಮ್ಮೆ ಒಳ್ಳೆಯದಕ್ಕೇ.

ಈ ಕುಲಕ್ಕೆ ವಯಸ್ಸೆಷ್ಟು? ಮಹಾರಾಷ್ಟ್ರದ ಪಿಸ್ದುರಾ ಎಂಬಲ್ಲಿ ಕಲ್ಲಾಗಿ ಉಳಿದ ಡೈನೋಸಾರ್ ಲದ್ದಿಯನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಹುಲ್ಲಿನ ಗಾಜಿನಂಥ ಮರಳುಕಣಗಳು ಸಿಕ್ಕವು. 2005ರಲ್ಲಿ ಈ ಸಂಗತಿ ಪ್ರಕಟವಾಯಿತು. ಅಂದರೆ ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ನಮ್ಮ ನೆಲದಲ್ಲಿ ಹುಲ್ಲಿತ್ತು, ಅದನ್ನು ಮೇಯುವ ಮಹಾಶಯರೂ ಇದ್ದರು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ರಾಗಿಯೂ ಯಾರು ಹೆಚ್ಚೆಂದು ಜಗಳವಾಡಿ ರಾಮನ ಮುಂದೆ ನಿಲ್ಲುತ್ತವಷ್ಟೆ. ಸಸ್ಯಶಾಸ್ತ್ರದ ಕಣ್ಣಿಗೆ ಅದು ಶುದ್ಧ ದಾಯಾದಿ ಜಗಳ. ಇಬ್ಬರೂ ಒಂದೇ ಮೂಲಪುರುಷನ ಮಕ್ಕಳು, ಪಾಲಾಗಿ ಬೇರೆ ಮನೆ ಮಾಡಿಕೊಂಡವರು.

ಭತ್ತ ಗೊನೆಯ ದಾರಿ ಹಿಡಿಯಿತು, ರಾಗಿ ಬೆರಳಿನ ದಾರಿ ಹಿಡಿಯಿತು. ರಾಗಿಯ ಕಡ್ಡಿ ತುದಿಯಲ್ಲಿ ಒಂದೇ ಕಡೆಯಿಂದ ಕವಲುಗಳನ್ನು ಹೊರಡಿಸಿ ಅಲ್ಲಿಗೆ ನಿಲ್ಲಿಸಿಬಿಡುತ್ತದೆ, ಮರಿಗವಲು ಇಲ್ಲ. ಪ್ರತಿ ಕವಲಿನ ಒಂದು ಮಗ್ಗುಲಿಗೆ ಎರಡು ಸಾಲು ಕಿರುತೆನೆಗಳು ಒತ್ತೊತ್ತಾಗಿ ಕೂರುತ್ತವೆ. ನಮ್ಮ ರೈತರು ಇಲುಕು ಎನ್ನುವುದು ಈ ಬೆರಳನ್ನೇ. ಸಾಮಾನ್ಯವಾಗಿ ಒಂದು ಬೆರಳು ಉಳಿದವುಗಳಿಗಿಂತ ಸ್ವಲ್ಪ ಕೆಳಗೆ, ಹೆಬ್ಬೆರಳಿನಂತೆ ಬೇರೆಯಾಗಿ ನಿಂತಿರುತ್ತದೆ. ಅಂಗಳದ ಗರಿಕೆ ಹೂಬಿಟ್ಟಾಗ ಬಾಗಿ ನೋಡಿದರೆ ಅಲ್ಲಿಯೂ ಮೂರೋ ಐದೋ ಸಣ್ಣ ಬೆರಳುಗಳು ಕಾಣುತ್ತವೆ. ಗರಿಕೆ ರಾಗಿಯ ಬಡ ದಾಯಾದಿ.

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಅಲ್ಲಿ ಇಂದಿಗೂ ಇರುವ ಅದರ ಕಾಡು ಅಜ್ಜಿಯ ಬೆರಳುಗಳು ತೆಳ್ಳಗೆ, ಉದ್ದವಾಗಿ ಹರಡಿಕೊಂಡಿರುತ್ತವೆ. ಕಾಳು ಬಲಿಯಿತೋ ಉದುರಿಹೋಯಿತು. ಕಾಡಿನ ಹುಲ್ಲಿಗೆ ಉದುರುವುದೇ ಬದುಕು. ಮನುಷ್ಯನ ಕೈಗೆ ಬಂದ ಮೇಲೆ ಉದುರದೆ ನಿಲ್ಲುವುದೇ ಬದುಕಾಯಿತು. ಭತ್ತದಲ್ಲೂ ಇದೇ ಕಥೆ. ಹರಡಿಕೊಂಡ ಕಾಡುಭತ್ತದ ಗೊನೆ ಊರುಭತ್ತದಲ್ಲಿ ಮುಚ್ಚಿಕೊಂಡದ್ದರಿಂದ ಕಾಳು ಉದುರುವುದು ಕಡಿಮೆಯಾಗಿ, ಕೊಯ್ಯುವವರ ಕೈಗೆ ಹೆಚ್ಚು ಸಿಗುವಂತಾಯಿತು ಎಂದು 2013ರ ಸಂಶೋಧನೆಯೊಂದು ಹೇಳಿತು. ಹೀಗೆ ಸಾವಿರಾರು ವರ್ಷ ಯಾರು ಯಾರೋ ಹೊಲದಲ್ಲಿ ನಿಂತು ‘ಇದು ಬಿತ್ತನೆಗೆ, ಅದು ಊಟಕ್ಕೆ’ ಎಂದು ತೆನೆ ಮುರಿದರು. ಅವರ ಹೆಸರು ಎಲ್ಲಿಯೂ ಬರೆದಿಲ್ಲ. ಅವರಲ್ಲಿ ಬಹುಪಾಲು ಹೆಂಗಸರಿದ್ದಿರಬೇಕೆಂದು ನನ್ನ ನಂಬಿಕೆ, ಏಕೆಂದರೆ ನಮ್ಮ ಮನೆಯಲ್ಲಿ ಆ ಕೆಲಸ ನಮ್ಮವ್ವನದು.

ನಮ್ಮದು ತುಮಕೂರು ಸೀಮೆ, ಎರಡೂವರೆ ಎಕರೆ ಖುಷ್ಕಿ. ಕೊಯ್ಲಿಗೆ ನಾಲ್ಕು ದಿನ ಮುಂಚೆ ಅವ್ವ ಒಬ್ಬಳೇ ಹೊಲಕ್ಕೆ ಇಳಿಯುತ್ತಿದ್ದಳು. ಆ ಹೊತ್ತಿನಲ್ಲಿ ಮಾತಾಡಿಸಿದರೆ ಆಗುತ್ತಿರಲಿಲ್ಲ. ಸಾಲಿನ ಮಧ್ಯೆ ನಿಧಾನಕ್ಕೆ ನಡೆಯುತ್ತ, ಒಂದೊಂದು ತೆನೆಯನ್ನು ಅಂಗೈಯಲ್ಲಿ ತೂಗಿ, ಬೇಕಾದದ್ದನ್ನು ಮುರಿದು ಮಡಿಲಿಗೆ ಹಾಕಿಕೊಳ್ಳುವಳು. ಅವಳು ಆರಿಸುವುದು ದೊಡ್ಡ ತೆನೆಯನ್ನೇ ಎಂದೇನಿರಲಿಲ್ಲ. ಬೆರಳೆಲ್ಲ ಮಡಿಸಿ ಮುಷ್ಟಿ ಕಟ್ಟಿದಂಥ ತೆನೆ ಒಂದಿಷ್ಟು, ತುದಿ ಮಾತ್ರ ಒಳಕ್ಕೆ ಬಾಗಿದ್ದು ಒಂದಿಷ್ಟು, ಕೈಬಿಚ್ಚಿ ಹರಡಿಕೊಂಡದ್ದು ಒಂದಿಷ್ಟು. ಉಂಡೆ ರಾಗಿ, ಕೋಣನಕೊಂಬಿನ ರಾಗಿ ಎಂದೆಲ್ಲ ನಮ್ಮ ನಾಡಿನ ಹಳೆಯ ತಳಿಗಳಿಗಿದ್ದ ಹೆಸರುಗಳಲ್ಲಿ ಹಲವು ಹುಟ್ಟಿದ್ದೇ ತೆನೆಯ ಆಕಾರ ನೋಡಿ.

ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ನಾನೊಮ್ಮೆ ಕೇಳಿದೆ: “ಮೂರು ಥರದ್ದನ್ನೂ ಒಟ್ಟಿಗೆ ಯಾಕೆ ಹಾಕ್ತೀಯವ್ವ? ಚೆನ್ನಾಗಿರೋದು ಒಂದನ್ನೇ ಹಾಕಬಾರದಾ?”

“ಮಳೆ ನಿನ್ನ ಮಾತು ಕೇಳ್ತದೇನೋ?” ಎಂದಳು. “ಕೈ ಮುಚ್ಚಿದ್ದು ಹಕ್ಕಿಗೆ ಹೆದರಲ್ಲ. ಕೈ ಬಿಚ್ಚಿದ್ದು ಮಳೆಗೆ ಹೆದರಲ್ಲ. ಎರಡೂ ಇರಲಿ ಕಣಪ್ಪ, ಯಾವ ವರ್ಷ ಯಾರು ಬತ್ತಾರೋ.”

ಇದೇ ಮಾತನ್ನು ನಾನು ಮುಂದೆ ದಪ್ಪ ಪುಸ್ತಕಗಳಲ್ಲಿ ಓದಿದೆ. ಜೋಳದ ವಿಷಯದಲ್ಲಿ ಇದು ಭೂಪಟದ ಮೇಲೆಯೇ ಕಾಣುತ್ತದೆ. ಮಳೆ ಹೆಚ್ಚಿರುವ ಪಶ್ಚಿಮ ಆಫ್ರಿಕಾದ ಸೀಮೆಯಲ್ಲಿ ಜೋಳದ ತೆನೆ ಸಡಿಲವಾಗಿ ಜೋಲಾಡುತ್ತದೆ. ಬಿದ್ದ ನೀರು ಇಳಿದುಹೋಗಿ, ಗಾಳಿಯಾಡಿ, ಕಾಳು ಬೂಷ್ಟು ಹಿಡಿಯುವುದಿಲ್ಲ. ಒಣ ಸೀಮೆಯ ಜೋಳಕ್ಕೆ ಆ ಭಯವಿಲ್ಲ, ಅದು ಕಾಳನ್ನು ಒತ್ತಿ ತುಂಬಿಕೊಂಡು ಗಟ್ಟಿ ತೆನೆ ಕಟ್ಟುತ್ತದೆ. ವಿಜಾಪುರದ ಕಡೆ ಹಿಂಗಾರಿಗೆ ಬೆಳೆಯುವ ಜೋಳ ಬಲಿಯುವಾಗ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ತೆನೆಯ ಆಕಾರವೆಂದರೆ ಆ ಊರಿನ ಮಳೆಯ ಲೆಕ್ಕಪುಸ್ತಕ.

ಅವ್ವನ ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಯಿತು. ಆಗಲೂ ಅವಳು ಜಗಲಿಯ ಮೇಲೆ ಕುಳಿತು ಮೊಮ್ಮಕ್ಕಳು ತಂದ ತೆನೆಗಳನ್ನು ತಡವಿಯೇ ಬೇರೆ ಮಾಡುತ್ತಿದ್ದಳು. 2009ರಲ್ಲಿ ಅವಳು ತೀರಿಕೊಂಡ ಮೇಲೆ ಹೊಲ ತಮ್ಮನ ಕೈಗೆ ಬಂತು. ಅವನು ಹೊಸ ತಳಿ ಬಿತ್ತಿದ. ಬಿತ್ತಿದ್ದು ಸರಿಯೇ. ಅವ್ವನ ರಾಗಿ ಬೆಂಕಿ ರೋಗ ಬಂದ ವರ್ಷ ಕುತ್ತಿಗೆಯಲ್ಲೇ ಕಪ್ಪಾಗಿ ಮುರಿದು, ಜೊಳ್ಳಾಗುತ್ತಿತ್ತು. ಹೊಸ ತಳಿ ರೋಗಕ್ಕೆ ಜಗ್ಗಲಿಲ್ಲ, ಕಾಳು ಹೆಚ್ಚು ಕೊಟ್ಟಿತು, ಎಲ್ಲ ತೆನೆಯೂ ಒಂದೇ ವಾರದಲ್ಲಿ ಬಲಿತವು.

ಹೊಸ ತಳಿ ಎಂದು ಮೂಗು ಮುರಿಯುವವರು ಅದರ ಹಿಂದಿನ ಬೆವರನ್ನೂ ನೋಡಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರಾಗಿಗಾಗಿ ಜೀವ ತೇದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಅದರ ಕೇಸರ ಕಿತ್ತು ಬೇರೆ ಗಿಡದ ಪರಾಗ ಹಾಕುವುದು ಚಿಮಟಕ್ಕೂ ದೊಡ್ಡ ಕಷ್ಟ. ಅದೂ ಅರಳುವುದು ಬೆಳಗಾಗುವ ಮುಂಚೆ, ಊರೆಲ್ಲ ಮಲಗಿರುವಾಗ. ಬಾಗಿಲು ತೆರೆಯುವಷ್ಟರಲ್ಲಿ ತನ್ನ ಪರಾಗವನ್ನು ತಾನೇ ಹಾಕಿಕೊಂಡಿರುತ್ತದೆ. ಹೀಗಾಗಿ ತಳಿ ತಜ್ಞರು ಒಂದು ಹಳೆಯ ಉಪಾಯ ಮಾಡುತ್ತಾರೆ: ಎರಡು ಬೇರೆ ಬೇರೆ ತಳಿಯ ತೆನೆಗಳನ್ನು ಮುಖಕ್ಕೆ ಮುಖ ಕೊಟ್ಟು ಕಟ್ಟಿಬಿಡುವುದು. ಬ್ರಹ್ಮಗಂಟೆಂದರೆ ಇದೇ. ನೂರಾರು ಕಾಳುಗಳಲ್ಲಿ ಒಂದೆರಡಾದರೂ ಬೆರಕೆಯಾಗಿರುತ್ತವೆ. ಮೊಳಕೆ ಬಂದ ಮೇಲೆ ಗಿಡದ ಬಣ್ಣ ನೋಡಿ ಅವನ್ನು ಗುರುತಿಸಬೇಕು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸಿ ಲಕ್ಷ್ಮಣಯ್ಯನವರು ತಂದ ತಳಿಗಳೇ ‘ಇಂಡಾಫ್’. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಮಗಳಿಗೆ ತವರಿನಿಂದಲೇ ಗಂಡು ತಂದಂತಾಯಿತು. ಬರದ ಸೀಮೆಯ ಎಷ್ಟೋ ಮನೆಗಳ ಕಣಜ ಆ ಮದುವೆಯಿಂದ ತುಂಬಿತು.

ಆದರೆ 2021ರ ನವೆಂಬರಿನ ಮಾತೇ ಬೇರೆ. ದಕ್ಷಿಣ ಕರ್ನಾಟಕದಲ್ಲಿ ರಾಗಿ ಕೊಯ್ಲಿಗೆ ನಿಂತಿದ್ದ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಲ್ಲ ಕಡೆಯೂ ರಾಗಿ ಮಲಗಿತು. ನಮ್ಮ ಹೊಲದಲ್ಲಿ ಅರ್ಧ ಕೊಯ್ದು ಅರಿ ಹಾಕಿತ್ತು, ಅರ್ಧ ನಿಂತೇ ಇತ್ತು. ತಮ್ಮ ಫೋನು ಮಾಡಿ, “ಅಣ್ಣ, ತೆನೆ ಹಸಿರಾಗೈತೆ” ಎಂದ. ನಾನು ಹೋಗುವ ಹೊತ್ತಿಗೆ ಮಡಿಸಿದ ಬೆರಳುಗಳ ಸಂದಿಯಿಂದೆಲ್ಲ ಮೊಳಕೆ ಹೊರಟಿತ್ತು. ಎಷ್ಟು ಚೆಂದದ ಹಸಿರು! ಬಿತ್ತನೆ ದಿನ ಕಂಡಿದ್ದರೆ ಕಣ್ಣಿಗೆ ಒತ್ತಿಕೊಳ್ಳಬಹುದಾಗಿದ್ದ ಹಸಿರು. ತಮ್ಮ ಒಂದು ತೆನೆ ಕಿತ್ತು ಹಿಂಡಿದ, ಬಟ್ಟೆಯಿಂದ ಇಳಿದ ಹಾಗೆ ನೀರು ಇಳಿಯಿತು. ಹುಲ್ಲು ಕೂಡ ಕಪ್ಪಾಗಿ ದನ ಮೂಸಿ ನೋಡಿ ಬಿಟ್ಟವು. ಆ ವರ್ಷ ಅವನು ಊಟಕ್ಕೆ ರಾಗಿಯನ್ನು ಅಂಗಡಿಯಿಂದ ತಂದ. ನಮ್ಮ ಮನೆಯಲ್ಲಿ ಅಂಥದ್ದು ನಡೆದದ್ದು ನಾನು ಕಂಡಂತೆ ಅದೇ ಮೊದಲು.

ಪಕ್ಕದ ಹಳ್ಳಿಯಲ್ಲಿ ನಮ್ಮ ಚಿಕ್ಕವ್ವ ಇದ್ದಾಳೆ, ಅವ್ವನ ತಂಗಿ. ಅವಳು ಇನ್ನೂ ಹಳೆಯ ಬೆರಕೆ ಬೀಜವನ್ನೇ ಇಟ್ಟುಕೊಂಡಿದ್ದಳು. ಅವಳ ಹೊಲದಲ್ಲಿ ಕೈ ಮುಚ್ಚಿದ ತೆನೆಗಳೆಲ್ಲ ಮೊಳೆತಿದ್ದವು. ಬಿಚ್ಚಿದ ತೆನೆಗಳು ಬಣ್ಣಗೆಟ್ಟಿದ್ದರೂ ಬಿಸಿಲು ಬಂದ ಮೇಲೆ ಒಣಗಿ ನಿಂತವು. ತಡವಾಗಿ ಹೊಡೆ ಒಡೆದಿದ್ದ ಒಂದಿಷ್ಟು ಇನ್ನೂ ಹಾಲುಗಾಳಾಗಿದ್ದು, ಆಮೇಲೆ ಬಲಿತವು. ಅವಳ ಬೆಳೆ ಪೂರ್ತಿ ಉಳಿಯಲಿಲ್ಲ, ಆದರೆ ಪೂರ್ತಿ ಹೋಗಲೂ ಇಲ್ಲ. ಒಳ್ಳೆಯ ವರ್ಷದಲ್ಲಿ ತಮ್ಮನ ಅರ್ಧದಷ್ಟೂ ಆಗದ ಬೆಳೆ ಅದು. ಕೆಟ್ಟ ವರ್ಷದಲ್ಲಿ ಅವಳ ಮನೆಗೆ ಹಿಟ್ಟಾಯಿತು.

ಮುಂದಿನ ಆಷಾಢಕ್ಕೆ ನಾನೂ ತಮ್ಮನೂ ಬಿತ್ತನೆ ಬಗ್ಗೆ ವಾದಕ್ಕೆ ಕುಳಿತೆವು. ಅವನ ಮಾತಿನಲ್ಲಿ ಹುರುಳಿತ್ತು. “ಒಂದು ತೆನೆ ಇವತ್ತು, ಒಂದು ತೆನೆ ಹದಿನೈದು ದಿನ ಬಿಟ್ಟು ಅಂದ್ರೆ ಎರಡು ಸಲ ಕೂಲಿ ಯಾರು ಕೊಡ್ತಾರಣ್ಣ? ಮಿಷನ್‌ಗೆ ಎಲ್ಲ ಒಂದೇ ಎತ್ತರ ಇರಬೇಕು, ಒಂದೇ ದಿನ ಒಣಗಿರಬೇಕು. ನೀನು ಪಿಂಚಣಿ ತಗೊಂಡು ತೆನೆ ನೋಡ್ತೀಯ, ನಾನು ತೆನೆ ಮಾರಿ ಸಾಲ ತೀರಿಸ್ಬೇಕು.” ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಹಿಂದೆ ತೆನೆಯನ್ನು ತಿದ್ದುತ್ತಿದ್ದವರು ಗಾಳಿ, ಹಕ್ಕಿ, ಮಳೆ, ಹೆಂಗಸಿನ ಕೈ. ಈಗ ಆ ಸಾಲಿಗೆ ಯಂತ್ರವೂ ಕೂಲಿಯ ದರವೂ ಸೇರಿವೆ. ಅವೂ ವಿಕಾಸದ ಒತ್ತಡಗಳೇ. ಹುಲ್ಲು ಎಲ್ಲಕ್ಕೂ ಹೊಂದಿಕೊಳ್ಳುತ್ತದೆ, ಹೊಂದಿಕೊಳ್ಳಲು ಬೇಕಾದ ಬಗೆಬಗೆ ಅದರೊಳಗೆ ಉಳಿದಿದ್ದರೆ. ಬಗೆಯೇ ಇಲ್ಲದ ಮೇಲೆ ಆರಿಸುವುದು ಯಾವುದನ್ನು? ಬೀಜ ಭಂಡಾರಗಳ ತಣ್ಣನೆಯ ಕೋಣೆಗಳಲ್ಲಿ ಸಾವಿರಾರು ರಾಗಿ ತಳಿಗಳನ್ನು ಜೋಪಾನ ಮಾಡಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಆ ಕೋಣೆಯಲ್ಲಿ ಮಳೆ ಬರುವುದಿಲ್ಲ, ಹಕ್ಕಿ ಕೂರುವುದಿಲ್ಲ. ಅಲ್ಲಿ ತೆನೆ ಉಳಿಯುತ್ತದೆ, ಕಲಿಯುವುದಿಲ್ಲ.

ಕೊನೆಗೆ ರಾಜಿಯಾಯಿತು. ಎರಡು ಎಕರೆ ಅವನ ಹೊಸ ತಳಿಗೆ, ಮೇಲಿನ ಅರ್ಧ ಎಕರೆ ಚಿಕ್ಕವ್ವನ ಬೀಜಕ್ಕೆ. ಅಕ್ಕಡಿಯಲ್ಲಿ ಎಂದಿನಂತೆ ಅವರೆ, ಹುಚ್ಚೆಳ್ಳು. ಆ ಅರ್ಧ ಎಕರೆಯ ಎರಡನೆಯ ಕೊಯ್ಲಿನ ಖರ್ಚು ನನ್ನದು. ಬಿತ್ತನೆ ತೆನೆ ಆರಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ತಮ್ಮ ನನ್ನ ಕಡೆ ನೋಡಿದ. ನಾನು ಅವನ ಹೆಂಡತಿಯ ಕಡೆ ನೋಡಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾಲ್ಕಾರು ವರ್ಷ ಅವ್ವನ ಹಿಂದೆ ಹಿಂದೆ ಮಡಿಲೊಡ್ಡಿಕೊಂಡು ಹೊಲ ತಿರುಗಿದವಳು ಅವಳೊಬ್ಬಳೇ.

ಕಳೆದ ಕಾರ್ತಿಕದಲ್ಲಿ ನಾನು ಹೋದಾಗ ಅವಳು ಆರಿಸಿದ ತೆನೆಗಳನ್ನು ಮೊರದಲ್ಲಿ ಗುಂಪು ಮಾಡಿ ಹರಡಿದ್ದಳು. ಒಂದನ್ನು ಮಾತ್ರ ಬೇರೆಯಾಗಿ ಎತ್ತಿ ತಂದಳು. ಏಳು ಬೆರಳು; ನಾಲ್ಕು ಮಡಿಸಿಕೊಂಡಿದ್ದವು, ಮೂರು ಬಿಚ್ಚಿಕೊಂಡಿದ್ದವು. ರಾಗಿಯಲ್ಲಿ ನೂರಕ್ಕೊಂದರಷ್ಟು ಹೂವುಗಳಿಗೆ ಗಾಳಿಯೇ ಪಕ್ಕದ ಗಿಡದ ಪರಾಗ ತಂದು ಹಾಕುವುದುಂಟು. ಇದು ಅಂಥದ್ದೊಂದು ಬೆರಕೆಯ ಮೊಮ್ಮಗುವಿದ್ದೀತು.

“ಭಾವ, ಇದನ್ನ ಯಾವುದರ ಜೊತೆ ಹಾಕೋದು? ಮುಚ್ಚಿದ್ದರ ಜೊತೆಗೋ, ಬಿಚ್ಚಿದ್ದರ ಜೊತೆಗೋ? ಇದರ ಹೆಸರೇನು?”

“ಇದಕ್ಕಿನ್ನೂ ಹೆಸರಿಲ್ಲ ಕಣಮ್ಮ,” ಎಂದೆ. “ಬೇರೆಯಾಗಿ ಕಟ್ಟಿಡು. ಬರುವ ವರ್ಷ ಒಂದು ಸಾಲು ಹಾಕಿ ನೋಡೋಣ.”

ಅವಳು ಸೆರಗಿನ ಅಂಚಿನಿಂದ ಒಂದು ಎಳೆ ದಾರ ಕಿತ್ತು, ಆ ತೆನೆಯ ಕುತ್ತಿಗೆಗೆ ಗುರುತಿಗೆಂದು ಕಟ್ಟಿದಳು.